ಅಟ್ಟದ ಮೇಲಿನ ಗಂಟು

ಅವ್ವ ಅಕ್ಕಿ ಹಸನು ಮಾಡುವ ಸಪ್ಪಳಕ್ಕೇ ನನಗೆ ಎಚ್ಚರ. ಮೊರವನ್ನು ಒಮ್ಮೆ ಕೇರಿ, ಒಮ್ಮೆ ಕುಲುಕಿ, ಬೆರಳ ತುದಿಯಿಂದ ಹರಳು ಆರಿಸಿ ಪಡಸಾಲೆಯ ಮೂಲೆಗೆ ಎಸೆಯುತ್ತಾಳೆ. ಎಂಬತ್ತು ದಾಟಿದ ಕಣ್ಣು. ಈಗಿನ ಅಂಗಡಿಯ ಅಕ್ಕಿಯಲ್ಲಿ ಹರಳಾದರೂ ಎಲ್ಲಿ ಇರುತ್ತವೆ? ಹಾಗಂತ ಹೇಳಿದರೆ, ‘ಇಲ್ಲ ಅಂತ ತಿಳಕೊಳ್ಳಾಕರ ನೋಡಬೇಕಲ್ಲೋ ತಮ್ಮಾ’ ಅನ್ನುತ್ತಾಳೆ. ಮಾಸ್ತರಿಕೆ ಮುಗಿಸಿ ಆಡೂರಿಗೆ ಬಂದು ಕೂತ ಮೇಲೆ ನನ್ನ ಬೆಳಗು ಶುರುವಾಗುವುದು ಈ ಮಾತಿನ ಹತ್ತಿರವೇ. ಅಡುಗೆಮನೆಯ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ. ಇವತ್ತು ಕನಕದಾಸರ ಕೀರ್ತನೆ ಬರುತ್ತಿತ್ತು. ಅವ್ವ ಜೊತೆಜೊತೆಗೇ ಗುನುಗುತ್ತಿದ್ದಳು. ರೇಡಿಯೋದವರು ಒಂದು ನುಡಿ ಬಿಟ್ಟು ಹಾಡಿದರೆಂದು ಸಿಟ್ಟು ಬೇರೆ.

ನಾನು ಮಕ್ಕಳಿಗೆ ಇತಿಹಾಸ ಕಲಿಸಿದವನು. ‘ಯುರೋಪಿನ ಪುನರುಜ್ಜೀವನ’ ಎಂಬ ಪಾಠವನ್ನು ಎಷ್ಟು ವರ್ಷ ಹೇಳಿದೆನೋ ಲೆಕ್ಕವಿಲ್ಲ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿತ್ತು, ವಿದ್ವಾಂಸರು ಇಟಲಿಗೆ ಬಂದರು, ಮುದ್ರಣಯಂತ್ರ ಬಂತು, ಹೊಸ ಕಾಲ ಹುಟ್ಟಿತು. ನಾಲ್ಕು ಅಂಕದ ಪ್ರಶ್ನೆ. ಪಾಠ ಹೇಳುವಾಗ ಹೊಳೆಯದ ಒಂದು ಸಂಶಯ ಈಗ ಅವ್ವನ ಮೊರದ ಎದುರು ಕೂತಾಗ ಬರುತ್ತದೆ. ಮರಳಿ ಹುಟ್ಟಬೇಕಾದರೆ ಮೊದಲು ಸತ್ತಿರಬೇಕಲ್ಲ. ಅಲ್ಲಿ ಸತ್ತದ್ದು ಯಾವುದು?

ನಮ್ಮ ಮನೆಯ ಅಟ್ಟದ ಮೇಲೆ ಒಂದು ಗಂಟಿತ್ತು. ಕೆಂಪು ಅರಿವೆಯಲ್ಲಿ ಸುತ್ತಿ, ಹುರಿಯಿಂದ ಬಿಗಿದದ್ದು. ವರ್ಷಕ್ಕೊಮ್ಮೆ ಮಹಾನವಮಿಗೆ ಕೆಳಗೆ ಬರುತ್ತಿತ್ತು. ಕುಡಗೋಲು, ಕುರ್ಚಿಗಿ, ರಂಟೆಯ ಕುಳದ ಜೊತೆ ಅದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಮರುದಿನ ಬನ್ನಿ ಮುಡಿದು ಬಂದ ಮೇಲೆ ಮತ್ತೆ ಅಟ್ಟ. ‘ಹಿರ್ಯಾರ ಪುಸ್ತಕ’ ಎಂಬುದಷ್ಟೇ ನಮಗೆ ಗೊತ್ತು. ಬಿಚ್ಚಿದರೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ಬಿಚ್ಚಬಾರದು ಎಂದೂ ಹೇಳಿರಲಿಲ್ಲ. ಯಾರೂ ಬಿಚ್ಚಲಿಲ್ಲ, ಅಷ್ಟೇ.

ಯುರೋಪಿನಲ್ಲೂ ಹೀಗೆಯೇ ಆಗಿತ್ತು ಎಂಬುದು ತಿಳಿದದ್ದು ಪಠ್ಯಪುಸ್ತಕದ ಆಚೆ ಓದಿದಾಗ. ಗ್ರೀಕರ, ರೋಮನ್ನರ ಕೃತಿಗಳು ಪೂರ್ತಿ ಹಾಳಾಗಿರಲಿಲ್ಲ. ಎಷ್ಟೋ ಕೃತಿಗಳು ಕ್ರೈಸ್ತ ಮಠಗಳ ಕಪಾಟಿನಲ್ಲಿದ್ದವು. ಸನ್ಯಾಸಿಗಳು ನೂರಾರು ವರ್ಷ ಚರ್ಮದ ಹಾಳೆಗಳ ಮೇಲೆ ನಕಲು ಮಾಡಿ ಕಾದಿಟ್ಟಿದ್ದರು. ಆ ಪುಣ್ಯ ಅವರಿಗೆ ಸಲ್ಲಲೇಬೇಕು. ಆದರೆ ಕಾಯುವುದು ಬೇರೆ, ಓದುವುದು ಬೇರೆ. 1345ರಲ್ಲಿ ವೆರೋನಾದ ಗ್ರಂಥಾಲಯದಲ್ಲಿ ಪೆಟ್ರಾರ್ಕನಿಗೆ ಸಿಸೆರೋ ತನ್ನ ಗೆಳೆಯನಿಗೆ ಬರೆದ ಕಾಗದಗಳ ಕಟ್ಟು ಸಿಕ್ಕಿತು. ಓದಿದ ಪೆಟ್ರಾರ್ಕ್ ಏನು ಮಾಡಿದ? ಸತ್ತು ಹದಿಮೂರು ನೂರು ವರ್ಷ ದಾಟಿದ ಆ ಸಿಸೆರೋನಿಗೇ ಒಂದು ಕಾಗದ ಬರೆದ. ಅದೂ ಹೊಗಳಿಕೆಯದಲ್ಲ. ನೀನು ದೊಡ್ಡವನೆಂದು ತಿಳಿದಿದ್ದೆ, ಮುಪ್ಪಿನಲ್ಲಿ ಆ ರಾಜಕೀಯದ ಜಗಳಕ್ಕೆ ಯಾಕೆ ಬಿದ್ದೆ ಎಂಬ ಅರ್ಥದ ಆಕ್ಷೇಪಣೆ. ನನ್ನ ಮಟ್ಟಿಗೆ ಪುನರುಜ್ಜೀವನ ಶುರುವಾದದ್ದು ಆ ಕಾಗದದಲ್ಲಿ. ಹೂವು ಏರಿಸುವ ಕೈ ಹಿರಿಯನ ಜೊತೆ ವಾದಕ್ಕೆ ಕೂತ ಗಳಿಗೆ ಅದು.

ಆಮೇಲೆ ಬೇಟೆಯೇ ಶುರುವಾಯಿತು. ಪೋಗ್ಗಿಯೋ ಎಂಬ ಪೋಪನ ಗುಮಾಸ್ತ 1417ರಲ್ಲಿ ಲುಕ್ರೀಶಿಯಸ್ಸನ ಕಾವ್ಯವನ್ನು ಹುಡುಕಿ ತೆಗೆದ. ಅವನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಇನ್ನೊಂದು ಗಂಟಿನ ಕಥೆ ಹೆಚ್ಚು ಇಷ್ಟ, ಯಾಕೆಂದರೆ ಅದು ನಡೆದು ನಡೆದು ಧಾರವಾಡದ ತನಕ ಬಂತು.

1429ರಲ್ಲಿ ನಿಕೋಲಸ್ ಎಂಬ ಜರ್ಮನ್ ಪಾದ್ರಿಗೆ ಒಂದು ಹಸ್ತಪ್ರತಿ ಸಿಕ್ಕಿತು. ಅದರಲ್ಲಿ ಪ್ಲೌಟಸ್ ಎಂಬ ರೋಮಿನ ನಾಟಕಕಾರನ ಹನ್ನೆರಡು ನಾಟಕಗಳಿದ್ದವು. ಆ ತನಕ ಓದುವವರ ಕೈಗೆ ಅವು ಸಿಕ್ಕಿರಲಿಲ್ಲ. ಅವುಗಳಲ್ಲಿ ಒಂದು ಅವಳಿ ಅಣ್ಣತಮ್ಮಂದಿರ ಗೊಂದಲದ ನಗೆನಾಟಕ. ನೂರೈವತ್ತು ವರ್ಷ ದಾಟಿದ ಮೇಲೆ ಲಂಡನ್ನಿನಲ್ಲಿ ಶೇಕ್ಸ್‌ಪಿಯರ್ ಅದನ್ನು ಎತ್ತಿಕೊಂಡ. ಒಂದು ಜೋಡಿ ಅವಳಿ ಸಾಲದೆಂದು ಅವರ ಆಳುಗಳನ್ನೂ ಅವಳಿ ಮಾಡಿ ಗೊಂದಲವನ್ನು ಇಮ್ಮಡಿಗೊಳಿಸಿದ. 19ನೇ ಶತಮಾನದಲ್ಲಿ ಆ ನಾಟಕ ನಮ್ಮ ಡೆಪ್ಯುಟಿ ಚನ್ನಬಸಪ್ಪನವರ ಕೈಗೆ ಬಂತು. ಶಾಲೆಗಳಲ್ಲಿ ಮರಾಠಿಯ ಜೋರು ನಡೆದಿದ್ದ ಕಾಲದಲ್ಲಿ ಈ ಭಾಗದಲ್ಲಿ ಕನ್ನಡದ ಪಾಟಿ ಹಿಡಿಸಿದವರು ಅವರು. ಅವರು ಅದಕ್ಕೆ ‘ನಗದವರನ್ನು ನಗಿಸುವ ಕಥೆ’ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ರೋಮ್ ಇಲ್ಲ, ಲಂಡನ್ನೂ ಇಲ್ಲ. ಕಟ್ಟೆಯ ಮೇಲೆ ಕೂತು ಹೇಳುವವನು ಇಡುವ ಹೆಸರು ಅದು. ಮಠದ ಕಪಾಟಿನಿಂದ ಹೊರಟ ಗಂಟೊಂದು ಹುಬ್ಬಳ್ಳಿ–ಧಾರವಾಡದ ಹುಡುಗರ ಎದುರು ಬಿಚ್ಚಿಕೊಳ್ಳಲು ನಾಲ್ಕು ನೂರು ವರ್ಷದ ಮೇಲಾಯಿತು.

ಹಾಗಾದರೆ ಆ ನಾಲ್ಕು ನೂರು ವರ್ಷ ನಾವು ಏನು ಮಾಡುತ್ತಿದ್ದೆವು? ಪಾಠ ಹೇಳುವಾಗ ಒಬ್ಬ ಹುಡುಗ ಹೀಗೇ ಕೇಳಿದ್ದ. ‘ಸರ, ಅವಾಗ ನಮ್ಮ ಕಡೆ ಏನ ನಡದಿತ್ರಿ?’ ನಾನು ವಿಜಯನಗರ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೆ. ಗಂಟೆ ಹೊಡೆಯುವುದರಲ್ಲಿತ್ತು. ಆ ಉತ್ತರಕ್ಕೆ ಈಗಲೂ ನಾಚಿಕೆಯಾಗುತ್ತದೆ. ಅವನ ಊರಿನ ದಾರಿಯಲ್ಲೇ ಬಾಡ ಇತ್ತು.

ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದ್ದು 1509ರ ಸುಮಾರಿಗೆ ಎಂಬುದು ವಾಡಿಕೆಯ ಲೆಕ್ಕ. ಎರಡು ವರ್ಷದ ಆಚೆ, 1511ರಲ್ಲಿ, ಎರಾಸ್ಮಸ್ಸನ ‘ಮೂರ್ಖತನದ ಹೊಗಳಿಕೆ’ ಅಚ್ಚಾಯಿತು. 1564ನ್ನು ತೆಗೆದುಕೊಳ್ಳಿ. ಆ ವರ್ಷ ಮೈಕೆಲಾಂಜೆಲೊ ತೀರಿದ, ಗೆಲಿಲಿಯೋ ಹುಟ್ಟಿದ, ಶೇಕ್ಸ್‌ಪಿಯರ್ ಹುಟ್ಟಿದ. ಪುರಂದರದಾಸರು ಕಣ್ಣು ಮುಚ್ಚಿದ್ದೂ ಅದೇ ವರ್ಷವೆಂದು ದಾಸಪರಂಪರೆ ಹೇಳುತ್ತದೆ. ಮರುವರ್ಷ ರಕ್ಕಸಗಿ–ತಂಗಡಗಿಯ ಯುದ್ಧ, ಹಂಪೆಯ ಬೆಂಕಿ. ಇಸವಿಗಳನ್ನು ಹೀಗೆ ಅಕ್ಕಪಕ್ಕ ಇಟ್ಟರೆ ಏನೂ ಸಾಬೀತಾಗುವುದಿಲ್ಲ, ನನಗೆ ಗೊತ್ತು. ಆದರೂ ಇಡುತ್ತೇನೆ. ಒಂದೇ ಸೂರ್ಯ ಅಲ್ಲಿಯೂ ಏಳುತ್ತಿದ್ದನಲ್ಲ ಎಂಬ ಸಣ್ಣ ಸಮಾಧಾನಕ್ಕೆ.

ಇಸವಿಗಿಂತ ಗಟ್ಟಿಯಾದ ನಂಟು ಬೇರೊಂದಿದೆ. ಕನಕದಾಸರ ‘ಮೋಹನತರಂಗಿಣಿ’ ಸಾಂಗತ್ಯದಲ್ಲಿದೆ. ಕಥೆ ಕೃಷ್ಣನದು, ಊರು ದ್ವಾರಕೆ. ಆದರೆ ಆ ದ್ವಾರಕೆಯ ಪೇಟೆಬೀದಿಗಳಲ್ಲಿ, ಅರಮನೆಯ ಓಲಗದಲ್ಲಿ ಓಡಾಡಿದರೆ ನೀವು ಇರುವುದು ವಿಜಯನಗರದಲ್ಲಿ. ಕೃಷ್ಣನ ವೈಭವದ ಹಿಂದೆ ಕೃಷ್ಣದೇವರಾಯ ನಿಂತಿದ್ದಾನೆ ಎಂದು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಇಟಲಿಯ ಚಿತ್ರಗಾರರು ಮಾಡಿದ್ದೂ ಇದನ್ನೇ ಅಲ್ಲವೆ? ಏಸುವಿನ ಕಥೆಗೆ ಫ್ಲಾರೆನ್ಸಿನ ಬೀದಿ, ಫ್ಲಾರೆನ್ಸಿನ ಅಂಗಿ, ಫ್ಲಾರೆನ್ಸಿನ ಸಾಹುಕಾರರ ಮುಖ. ಪುರಾಣವನ್ನು ಸ್ವಂತ ಕಣ್ಣಿಂದ ಕಂಡ ಊರಿಗೆ ತಂದು ನಿಲ್ಲಿಸುವುದು.

ಅದೇ ನಗರವನ್ನು 1520ರ ಸುಮಾರಿಗೆ ಇನ್ನೊಬ್ಬ ನೋಡಿದ. ಡೊಮಿಂಗೊ ಪಾಯಸ್, ಪೋರ್ಚುಗೀಸ. ಬೆಟ್ಟ ಹತ್ತಿ ಕಣ್ಣು ಹಾಯಿಸಿ, ಇದು ರೋಮಿನಷ್ಟು ದೊಡ್ಡದಿದೆ ಎಂದು ಬರೆದ. ಪುನರುಜ್ಜೀವನ ಕಾಲದವನಿಗೆ ಅಳೆಯಲು ಇದ್ದ ದೊಡ್ಡ ಕೋಲು ರೋಮ್. ಬಾಡದ ಕವಿಗೆ ಇದ್ದ ಕೋಲು ದ್ವಾರಕೆ. ಇಬ್ಬರೂ ಒಂದೇ ಪೇಟೆಯನ್ನು ಅಳೆಯುತ್ತಿದ್ದರು. ಪಾಯಸನ ಬರಹವೂ ಗಂಟಾಗಿ ಪ್ಯಾರಿಸಿನ ಗ್ರಂಥಾಲಯ ಸೇರಿತು. 1897ರಲ್ಲಿ ಡೇವಿಡ್ ಲೋಪೆಸ್ ಅದನ್ನು ಪೋರ್ಚುಗೀಸಿನಲ್ಲಿ ಅಚ್ಚು ಹಾಕಿಸಿದ. 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದ. ‘ಮರೆತುಹೋದ ಸಾಮ್ರಾಜ್ಯ’ ಎಂದು ತನ್ನ ಪುಸ್ತಕಕ್ಕೆ ಹೆಸರು ಕೊಟ್ಟ. ಯಾರು ಮರೆತದ್ದು ಎಂಬ ಪ್ರಶ್ನೆ ನನ್ನಲ್ಲಿ ಯಾವಾಗಲೂ ಏಳುತ್ತದೆ. ಆದರೆ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು, ನಮ್ಮ ಹಾವೇರಿ ಸೀಮೆಯ ಗಳಗನಾಥರು ‘ಮಾಧವ ಕರುಣಾವಿಲಾಸ’ದಲ್ಲಿ ವಿಜಯನಗರವನ್ನು ಕಾದಂಬರಿಗೆ ತಂದರು, ಆಗ ಕನ್ನಡಿಗರ ಎದೆ ಸೆಟೆದು ನಿಂತದ್ದು ಸುಳ್ಳಲ್ಲ. ಆ ಗಳಗನಾಥರು ತಮ್ಮ ಪುಸ್ತಕಗಳನ್ನು ಗಂಟು ಕಟ್ಟಿ ಹೊತ್ತು ಊರೂರು ತಿರುಗಿ ಮಾರಿದವರು. ಅಟ್ಟದಿಂದ ಇಳಿದ ಗಂಟು ಒಬ್ಬರ ತಲೆಯ ಮೇಲೆ ಏರಿದ್ದನ್ನು ನೆನೆದಾಗ ನನಗೆ ಲೋಪೆಸ್, ಸಿವೆಲ್ ಎಲ್ಲ ಸ್ವಲ್ಪ ಹಿಂದೆ ಸರಿಯುತ್ತಾರೆ.

ಪುಸ್ತಕ ಹೊತ್ತು ತಿರುಗುವ ಭಾಗ್ಯ ನಮಗೆ ತಡವಾಗಿ ಬಂತು. ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದ್ದು 1455ರ ಸುಮಾರಿಗೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ನಡುವೆ ಮುನ್ನೂರ ಅರವತ್ತು ವರ್ಷ. ಅಷ್ಟೂ ಕಾಲ ಕನಕ ಉಳಿದದ್ದು ಓಲೆಗರಿಯಲ್ಲಿ ಒಂದಿಷ್ಟು, ಬಾಯಲ್ಲಿ ಬಹಳಷ್ಟು. ತಂಬೂರಿ ಹಿಡಿದವರು, ಭಜನೆಯ ತಾಳದವರು, ಬೀಸುಕಲ್ಲಿನ ಮುಂದೆ ಕೂತವರು. ಪುಸ್ತಕದ ಬೆನ್ನಿನ ಮೇಲೆ ಹೆಸರು ಬರೆಯುವ ಜಾಗವಿಲ್ಲವೆಂದು ಹಾಡಿನ ಕೊನೆಯಲ್ಲೇ ಕಾಗಿನೆಲೆಯ ಆದಿಕೇಶವನ ಅಂಕಿತ. ಇದಕ್ಕಿಂತ ಭದ್ರವಾದ ಹಕ್ಕುಪತ್ರ ನಾನು ಕಂಡಿಲ್ಲ. ಹಾಡುವವನೇ ಪ್ರತಿಸಲ ಸಹಿ ಹಾಕಿ ಕೊಡುತ್ತಾನೆ!

ಹಾಗಾಗಿ ನಮ್ಮ ಕಡೆಯ ಪೋಗ್ಗಿಯೋಗಳು ಮಠದ ಕಪಾಟಿಗಷ್ಟೇ ಹೋದರೆ ಸಾಲುತ್ತಿರಲಿಲ್ಲ. ಮನೆಮನೆಗೆ ಹೋಗಬೇಕಿತ್ತು. ಹೋದರೂ ಸಹ. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರು. ಓಲೆಗರಿಯ ಕಟ್ಟುಗಳ ಬೆನ್ನು ಹತ್ತಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ ತಂದರು. ಇದ್ದ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ. ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಗಳು. ಹಿರೇಕೆರೂರು ಸೀಮೆಯ ಸರ್ವಜ್ಞನ ತ್ರಿಪದಿಗಳನ್ನು ಹಳ್ಳಿಗರ ಬಾಯಿಂದ, ಹಸ್ತಪ್ರತಿಗಳಿಂದ ಕಲೆಹಾಕಿ 1924ರಲ್ಲಿ ಪುಸ್ತಕ ಮಾಡಿದರು. ಆಡೂರಿನ ಕಲ್ಲನ್ನು ಕೂಡ ಹೀಗೇ ಒಬ್ಬರು ಓದಿದರು. ಬಾದಾಮಿ ಚಾಳುಕ್ಯರ ಕೀರ್ತಿವರ್ಮನ ಹೆಸರಿರುವ, ಜಿನಾಲಯಕ್ಕೆ ಕೊಟ್ಟ ದಾನವನ್ನು ಹೇಳುವ ನಮ್ಮೂರ ಶಾಸನ. ಒಂದು ಭಾಗ ಸಂಸ್ಕೃತ, ಒಂದು ಭಾಗ ಕನ್ನಡ. ಅದನ್ನು ಪ್ರಕಟಿಸಿದವರು ಜೆ.ಎಫ್. ಫ್ಲೀಟ್, ಬ್ರಿಟಿಷ್ ಅಧಿಕಾರಿ. ನಮ್ಮ ಕಡೆಯ ಲಾವಣಿಗಳನ್ನೂ ಬರೆದುಕೊಂಡು ಅಚ್ಚಿಗೆ ಕೊಟ್ಟ ಮನುಷ್ಯ. ವಕೀಲರು, ಪಾದ್ರಿ, ಕಲೆಕ್ಟರ್ ಕಚೇರಿಯ ಸಾಹೇಬರು. ಇವರಲ್ಲಿ ಯಾರಿಗೂ ಇದು ಹೊಟ್ಟೆಪಾಡಿನ ಕೆಲಸವಾಗಿರಲಿಲ್ಲ.

ಇಲ್ಲಿ ಎರಡು ವಾದ ಕೇಳಿಬರುತ್ತವೆ. ಇಂಗ್ಲಿಷ್ ಬಂದ ಮೇಲೆಯೇ ನಮಗೆ ನವೋದಯ, ಅದಕ್ಕೂ ಮೊದಲು ಕತ್ತಲೆ ಎಂಬುದು ಒಂದು. ನಮ್ಮಲ್ಲಿ ಎಲ್ಲ ಮೊದಲೇ ಇತ್ತು, ಹೊರಗಿನಿಂದ ಬಂದದ್ದು ಏನೂ ಇಲ್ಲ ಎಂಬುದು ಇನ್ನೊಂದು. ನನಗೆ ಎರಡೂ ಸೋಮಾರಿತನದ ಮಾತು ಅನ್ನಿಸುತ್ತದೆ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದು, ಆಕ್ಸ್‌ಫರ್ಡಿಗೆ ಹೋಗಿ ಓದಿ ಬಂದರು. ಆ ಹಡಗಿನ ಪ್ರಯಾಣದಿಂದ ‘ಸಮುದ್ರ ಗೀತೆಗಳು’ ಬಂದವು. ಪೆಟ್ರಾರ್ಕ್ ಹಾಡಿ ಹೆಸರುಮಾಡಿದ ಹದಿನಾಲ್ಕು ಸಾಲಿನ ಪದ್ಯ ಕನ್ನಡಕ್ಕೆ ಬಂದಾಗ ನಮ್ಮವರು ಅದನ್ನು ‘ಸುನೀತ’ ಎಂದರು, ‘ಅಷ್ಟಷಟ್ಪದಿ’ ಎಂದೂ ಕರೆದರು. ಎಂಟು, ಆಮೇಲೆ ಆರು. ಷಟ್ಪದಿ ಗೊತ್ತಿದ್ದ ಕಿವಿಗೆ ಮಾತ್ರ ಹೊಳೆಯುವ ಹೆಸರು ಅದು. ಆ ಆರು ಸಾಲಿನ ಮನೆಯಲ್ಲಿ ಕನಕ ಬಾಳಿದವನು.

ಅವ್ವನ ಮೊರದ ಅಕ್ಕಿ ನೋಡಿದಾಗೆಲ್ಲ ನೆನಪಾಗುವುದು ಅವನ ‘ರಾಮಧಾನ್ಯ ಚರಿತ್ರೆ’. ಭಾಮಿನಿ ಷಟ್ಪದಿ, ನೂರೈವತ್ತರ ಆಸುಪಾಸಿನ ಪದ್ಯ, ಒಂದು ಬೆಳಿಗ್ಗೆ ಓದಿ ಮುಗಿಸಬಹುದು. ಲಂಕೆಯಿಂದ ಮರಳುವ ರಾಮ ಮುನಿಗಳ ಆಶ್ರಮದಲ್ಲಿ ಇಳಿದಿದ್ದಾನೆ. ಊಟಕ್ಕೆ ಬಗೆಬಗೆಯ ಅಡುಗೆ. ಧಾನ್ಯಗಳಲ್ಲಿ ಹೆಚ್ಚಿನದು ಯಾವುದು ಎಂಬ ಮಾತು ಬರುತ್ತದೆ. ಗೌತಮ ಮುನಿ ನರೆದಲೆಗ ಎನ್ನುತ್ತಾನೆ, ಅಂದರೆ ರಾಗಿ. ಅಕ್ಕಿಗೆ ಸಿಟ್ಟು ನೆತ್ತಿಗೇರುತ್ತದೆ. ಕುಲ ಎತ್ತಿ ಬೈಯುತ್ತದೆ. ನನ್ನನ್ನು ಉಣ್ಣುವವರು ಯಾರು, ನಿನ್ನನ್ನು ಉಣ್ಣುವವರು ಯಾರು ಎಂದು ಹಂಗಿಸುತ್ತದೆ. ರಾಗಿಯೇನು ಸುಮ್ಮನಿರುತ್ತದೆಯೆ? ಉಳ್ಳವರ ಬೆನ್ನು ಹತ್ತಿದವನು ನೀನು, ಬಡವರ ಕಡೆ ತಿರುಗಿಯೂ ನೋಡದವನು ಎಂದು ತಿರುಗಿಸಿ ಕೊಡುತ್ತದೆ. ರಾಮ ತೀರ್ಪು ಹೇಳುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ ಅಯೋಧ್ಯೆಗೆ ನಡೆಯುತ್ತಾನೆ. ಆರು ತಿಂಗಳ ಮೇಲೆ ತೆಗೆದು ನೋಡಿದರೆ ಅಕ್ಕಿ ಕಂಗೆಟ್ಟಿದೆ, ರಾಗಿ ಹಾಗೇ ಇದೆ. ರಾಘವನ ಹೆಸರೇ ರಾಗಿಗೆ ಸಿಗುತ್ತದೆ.

ಈ ಕಾವ್ಯವನ್ನು ಜಾತಿಯ ಮಾತಾಗಿ ಓದುವುದು ಈಗ ವಾಡಿಕೆ, ಅದು ಸರಿಯೂ ಹೌದು. ನನ್ನ ಕಣ್ಣಿಗೆ ಇನ್ನೊಂದು ಸಂಗತಿ ಬೀಳುತ್ತದೆ. ಆ ತೀರ್ಪು ಶಾಸ್ತ್ರ ನೋಡಿ ಬಂದದ್ದಲ್ಲ. ಹೆಚ್ಚಿನವರು ಯಾರು ಎಂದು ಮುನಿಗಳ ಸಭೆ ಹೇಳಿದ್ದು ಸಾಲಲಿಲ್ಲ. ಇಟ್ಟು ನೋಡಿದರು, ಕಾದರು, ತೆಗೆದು ಮತ್ತೆ ನೋಡಿದರು. ಗೆಲಿಲಿಯೋ ಹುಟ್ಟಿದ ಶತಮಾನದಲ್ಲಿ ಕಣಜ ಕಂಡ ಒಬ್ಬ ಕವಿ ರಾಮನ ಕೈಯಲ್ಲಿ ಇಂಥ ಪರೀಕ್ಷೆ ಮಾಡಿಸಿದ್ದಾನೆ. ಇನ್ನೂ ಒಂದು. ಇದು ನಮ್ಮ ಅರೆಮಲೆನಾಡು, ಭತ್ತದ ಸೀಮೆ. ಭತ್ತ ಬೆಳೆಯುವ ನೆಲದ ಕವಿ ಭತ್ತವನ್ನು ಸೋಲಿಸುತ್ತಾನೆ. ತನ್ನೂರಿನ ಬೆಳೆಯ ಪರ ನಿಲ್ಲದ ಧೈರ್ಯ ಸಣ್ಣದಲ್ಲ. ಫ್ರಾನ್ಸಿನ ಮಾಂಟೇನ್ ನೆನಪಾಗುತ್ತಾನೆ. ಹುಟ್ಟಿದಾಗಿನಿಂದ ಆಳುಕಾಳುಗಳೂ ಅವನೊಡನೆ ಲ್ಯಾಟಿನ್ನಿನಲ್ಲೇ ಮಾತಾಡಬೇಕೆಂದು ಅವನಪ್ಪ ಕಟ್ಟಳೆ ಮಾಡಿದ್ದ. ಹಾಗೆ ಬೆಳೆದವನು 1580ರಲ್ಲಿ ತನ್ನ ಪ್ರಬಂಧಗಳನ್ನು ಅಚ್ಚಿಗೆ ಕೊಟ್ಟದ್ದು ಬೀದಿಯ ಫ್ರೆಂಚಿನಲ್ಲಿ. ಅಕ್ಕಿ ಉಂಡು ಬೆಳೆದವನು ರಾಗಿಯ ಕಡೆ ವಾಲಿದ ಹಾಗೆ.

ನಮ್ಮ ಅಟ್ಟದ ಗಂಟಿನ ಮಾತು ಅರ್ಧಕ್ಕೇ ನಿಂತಿತು. ನೌಕರಿ ಸೇರಿದ ಮೇಲೆ ಒಂದು ಮಹಾನವಮಿಗೆ ಧೈರ್ಯ ಮಾಡಿ ಬಿಚ್ಚಿದೆ. ಒಳಗೆ ಓಲೆಗರಿ ಇರಬಹುದು, ಯಾರಿಗೂ ಸಿಗದ ಕಾವ್ಯವಿರಬಹುದು, ಹಳಕಟ್ಟಿಯವರ ಸಾಲಿನಲ್ಲಿ ನನ್ನದೂ ಒಂದು ಸಣ್ಣ ಹೆಸರು. ಎಂಥೆಂಥ ಆಸೆ! ಇದ್ದದ್ದು ಕಂದಿದ ಕಾಗದದ ಒಂದು ಕಿರ್ದಿ, ಪೂರ್ತಿ ಮೋಡಿ ಅಕ್ಷರ. ಧಾರವಾಡದಲ್ಲಿ ಮೋಡಿ ಬಲ್ಲ ಒಬ್ಬ ಹಿರಿಯರಿಗೆ ತೋರಿಸಿದೆ. ಕನ್ನಡಕ ಏರಿಸಿ ನಾಲ್ಕು ಪುಟ ತಿರುವಿ ನಕ್ಕರು. ‘ಭತ್ತದ ಸಾಲದ ಲೆಕ್ಕ ಐತ್ರೀ ಮಾಸ್ತರ. ಯಾರ್ಯಾರು ಎಷ್ಟು ಒಯ್ದಾರ, ಎಷ್ಟು ತಿರುಗಿ ಕೊಟ್ಟಾರ. ನಿಮ್ಮ ಮನ್ಯಾನವ್ರು ಕೊಟ್ಟವ್ರ ಪೈಕಿ ಅಲ್ಲ, ಒಯ್ದವ್ರ ಪೈಕಿ.’ ಮೂರು ತಲೆಮಾರು ನಾವು ಹೂವು ಏರಿಸಿದ್ದು ನಮ್ಮದೇ ಸಾಲಕ್ಕೆ! ಅವ್ವನಿಗೆ ಹೇಳಿದೆ. ಅವಳೇನು ಬೆಚ್ಚಲಿಲ್ಲ. ‘ತೀರಿಸ್ಯಾರೋ ಇಲ್ಲೋ, ಅದನ್ನ ಕೇಳಿದೇನು?’ ಎಂದಳು. ಕೇಳಿರಲಿಲ್ಲ. ಮತ್ತೆ ಧಾರವಾಡಕ್ಕೆ ಹೋದೆ. ತೀರಿಸಿದ್ದರು.

ಈಗ ಕನಕನೂ ಗಂಟಾಗುತ್ತಿದ್ದಾನೆಯೆ ಎಂದು ಒಮ್ಮೊಮ್ಮೆ ಕಳವಳವಾಗುತ್ತದೆ. ಬಾಡದಲ್ಲಿ ಅರಮನೆ ಎದ್ದಿದೆ, ಕಾಗಿನೆಲೆಗೆ ಪ್ರಾಧಿಕಾರವಿದೆ, ಜಯಂತಿಗೆ ಸರ್ಕಾರಿ ರಜೆ ಇದೆ. ಎಲ್ಲ ಬೇಕಾದದ್ದೇ. ಕುಂಕುಮ, ಚೆಂಡುಹೂವಿನಷ್ಟೇ ಬೇಕಾದದ್ದು. ನಾನಾದರೂ ಮೂವತ್ತು ವರ್ಷ ಜಯಂತಿಯ ಭಾಷಣ ಮಾಡಿದವನು. ‘ರಾಮಧಾನ್ಯ’ವನ್ನು ಮೊದಲಿಂದ ಕೊನೆಯ ತನಕ ಓದಿದ್ದು ನಿವೃತ್ತಿಯ ನಂತರ.

ಇವತ್ತು ರೇಡಿಯೋ ಆರಿಸಿ ಪುಸ್ತಕ ತಂದು ಅವ್ವನ ಎದುರು ಕೂತೆ. ದೊಡ್ಡ ದನಿಯಲ್ಲಿ ಓದಿ, ಅಲ್ಲಲ್ಲಿ ಅರ್ಥ ಬಿಡಿಸಿದೆ. ಅಕ್ಕಿ ಬೈಯುವ ಪದ್ಯಗಳಿಗೆ ಅವಳ ಕೈ ಮೊರದ ಮೇಲೆ ನಿಂತೇಬಿಟ್ಟಿತು. ‘ಭಾಳ ಸೊಕ್ಕೈತಿ ಅದಕ್ಕ’ ಎಂದು ಮೊರದೊಳಗೆ ನೋಡಿದಳು, ಇದೇ ಅಕ್ಕಿ ಬೈದಿತೇನೋ ಎಂಬ ಹಾಗೆ. ರಾಗಿಗೆ ಹೆಸರು ಬಂದ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಅಲ್ಲೋ, ನಾವು ಉಣ್ಣೂದು ಜ್ವಾಳದ ರೊಟ್ಟಿ. ಜ್ವಾಳಕ್ಕ ಏನೂ ಕೊಡಲಿಲ್ಲೇನು ರಾಮ?’

ಪೆಟ್ರಾರ್ಕನ ಕಾಗದ ನೆನಪಾಯಿತು. ಉತ್ತರ ನನ್ನ ಹತ್ತಿರ ಇರಲಿಲ್ಲ. ಅವಳೇ ಮೊರ ಎತ್ತಿ ಒಮ್ಮೆ ಕೇರಿದಳು. ಒಂದು ಹರಳು ಸಿಕ್ಕಿತು. ಇರುವುದಿಲ್ಲ ಎಂದಿದ್ದೆನಲ್ಲ, ಅದನ್ನು ನನ್ನ ಕಡೆ ಹಿಡಿದು ತೋರಿಸಿ ಮೂಲೆಗೆ ಎಸೆದಳು.

‘ಹೂಂ, ಓದು ಮುಂದ.’